ನೀರಿನ ಪಾಠಕ್ಕೆ ಬರೋ ಇಂಟರ್ನ್‌ಗಳ ಕೈಗೆ ಮೈಕ್ ಬೇಡ, ಅಳತೆ ಟೇಪ್ ಕೊಡಿ

ಮಾನ್ಯ ಸಂಪಾದಕರೇ,

ಕಾಲೇಜು ವಿದ್ಯಾರ್ಥಿಗಳು ಪರಿಸರ ಶಿಕ್ಷಣ, ಜಲಸಂರಕ್ಷಣೆ ಅಂತ ಇಂಟರ್ನ್‌ಶಿಪ್ ಮಾಡೋದರ ಬಗ್ಗೆ ನಿಮ್ಮ ಪತ್ರಿಕೇಲಿ ಆಗಾಗ ಸುದ್ದಿ, ಫೋಟೋ ಬರ್ತಾ ಇರುತ್ತೆ, ನಾನೂ ಖುಷಿಯಿಂದ ಓದ್ತೀನಿ. ಅದ್ರಲ್ಲಿ ಕಳಿಸೋ ಕಾಲೇಜಿನವರ ಮಾತಿರುತ್ತೆ, ಹೋಗಿಬಂದ ವಿದ್ಯಾರ್ಥಿಗಳ ಮಾತಿರುತ್ತೆ, ಆದ್ರೆ ಅವರು ಯಾವ ಶಾಲೆಗೆ ಹೋಗಿ ಪಾಠ ಮಾಡಿದ್ರೋ ಆ ಶಾಲೆ ಮೇಷ್ಟ್ರ ಮಾತು ಮಾತ್ರ ಎಲ್ಲೂ ಕಾಣಲ್ಲ. ನಾನು ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋನು, ಇಂಥ ಇಂಟರ್ನ್ ತಂಡಗಳನ್ನ ಎಂಟು ವರ್ಷದಿಂದ ನನ್ನ ಕ್ಲಾಸಿಗೆ ಬರಮಾಡ್ಕೊಳ್ತಾ ಇದ್ದೀನಿ, ಅದ್ರಲ್ಲಿ ಏನು ಉಳೀತು, ಏನು ಗಾಳಿಗೆ ಹೋಯ್ತು ಅನ್ನೋದನ್ನ ಕಣ್ಣಾರೆ ನೋಡಿದ್ದೀನಿ, ಹಾಗಾಗಿ ಈ ಪತ್ರ. ಉದ್ದ ಆಯ್ತು ಅಂತ ಕತ್ತರಿಸೋದಿದ್ರೆ ನನ್ನ ಮಾತುಗಳನ್ನ ಕತ್ತರಿಸಿ, ಮಕ್ಕಳು ಅಳೆದ ಅಂಕಿಗಳನ್ನ ಮಾತ್ರ ಬಿಡಿ.

ಮೊದಲ ನಾಲ್ಕು ವರ್ಷ ಬಂದ ತಂಡಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ನಾಲ್ಕೈದು ಜನ ಹುಡುಗ ಹುಡುಗೀರು, ಒಂದು ಲ್ಯಾಪ್‌ಟಾಪ್, ಒಂದು ಪಿಪಿಟಿ. ಭೂಮಿ ಮೇಲಿರೋ ನೀರಲ್ಲಿ 97.5 ಪರ್ಸೆಂಟ್ ಉಪ್ಪು ನೀರು, 2.5 ಪರ್ಸೆಂಟ್ ಮಾತ್ರ ಸಿಹಿ ನೀರು, ಅದ್ರಲ್ಲೂ ಮೂರರಲ್ಲಿ ಎರಡು ಪಾಲು ಹಿಮ ಆಗಿ ಕೂತಿದೆ, ಹಾಗಾಗಿ ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ. ಆಮೇಲೆ ಪೋಸ್ಟರ್ ಸ್ಪರ್ಧೆ, ಎಲ್ಲ ಪೋಸ್ಟರಲ್ಲೂ ಅಳ್ತಾ ಇರೋ ಭೂಮಿ, ಕೆಳಗೆ ಹನಿ ಹನಿ ಗೂಡಿದರೆ ಹಳ್ಳ. ಆಮೇಲೆ ಪ್ರತಿಜ್ಞೆ, ಗ್ರೂಪ್ ಫೋಟೋ, ನನ್ನ ಹತ್ರ ಒಂದು ಫಾರ್ಮಿಗೆ ಸಹಿ, ಮುಗೀತು. ಮಾರ್ಚ್ 22ರ ಜಲದಿನಕ್ಕೆ ಒಂದು ತಂಡ, ಜೂನ್ 5ರ ಪರಿಸರ ದಿನಕ್ಕೆ ಇನ್ನೊಂದು ತಂಡ, ಮಧ್ಯದಲ್ಲಿ ಯಾರೂ ಇಲ್ಲ.

ಆ ಮಕ್ಕಳನ್ನ ಬೈಯೋಕೆ ಇದನ್ನ ಬರೀತಿಲ್ಲ. ಅವರು ಒಳ್ಳೇ ಮನಸ್ಸಿಂದಾನೇ ಬಂದಿದ್ರು, ಅವರಿಗೆ ಹೇಳಿ ಕಳ್ಸಿದ್ದೇ ಅಷ್ಟು. ಆದ್ರೆ ಒಂದು ವಾರ ಬಿಟ್ಟು ಕ್ಲಾಸಲ್ಲಿ ಕೇಳಿದಾಗ ಮಕ್ಕಳು 97.5 ಅನ್ನೋದನ್ನ ಬಾಯಿಪಾಠ ಒಪ್ಪಿಸಿದ್ರು, ಸರಿ ಕಣ್ರೋ, ನಮ್ಮ ಶಾಲೆ ತಾರಸಿ ಮೇಲಿರೋ ಟ್ಯಾಂಕ್ ಎಷ್ಟು ಲೀಟರಿಂದು ಅಂದ್ರೆ ಒಬ್ಬರಿಗೂ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ, ಅವತ್ತು ಸಂಜೆ ಮೇಲೆ ಹತ್ತಿ ನೋಡಿದೆ, 2,000 ಲೀಟರ್ ಅಂತ ಅಚ್ಚು ಹಾಕಿತ್ತು. ಇಡೀ ಭೂಮಿ ನೀರಿನ ಲೆಕ್ಕ ಗೊತ್ತು, ತಲೆ ಮೇಲಿರೋ ಟ್ಯಾಂಕಿಂದು ಗೊತ್ತಿಲ್ಲ. ನಾಲ್ಕು ವರ್ಷದ ಇಂಟರ್ನ್‌ಶಿಪ್ಪು ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಆಯ್ತಲ್ಲ ಅಂತ ಅವತ್ತು ಅನ್ನಿಸ್ತು.

ಐದನೇ ವರ್ಷ ಬಂದಿದ್ದು ಇಬ್ಬರೇ ಹುಡುಗೀರು. ಪ್ರೊಜೆಕ್ಟರ್ ಇದೆಯಾ ಅಂತ ಕೇಳಲೇ ಇಲ್ಲ. ಒಂದು ಲೀಟರ್ ಅಳತೆ ಜಾರು, ಒಂದು ಬಕೆಟ್ಟು, ಮೊಬೈಲಲ್ಲಿ ಸ್ಟಾಪ್‌ವಾಚ್, ಇಷ್ಟೇ ತಂದಿದ್ದು. ಹತ್ತನೇ ಕ್ಲಾಸಿನ ಮಕ್ಕಳನ್ನ ಕರ್ಕೊಂಡು ಹೋಗಿ ಕೈ ತೊಳೆಯೋ ಜಾಗದಲ್ಲಿ ತೊಟ್ಟಿಕ್ಕುತ್ತಿದ್ದ ಒಂದು ನಲ್ಲಿ ಕೆಳಗೆ ಜಾರ್ ಇಟ್ಟು ಹತ್ತು ನಿಮಿಷ ಸುಮ್ನೆ ನಿಲ್ಲಿಸಿದ್ರು. ಮಕ್ಕಳು ಮೊದಲು ಗಲಾಟೆ ಮಾಡಿದ್ರು, ಆಮೇಲೆ ಹನಿ ಎಣಿಸೋಕೆ ಶುರು ಮಾಡಿದ್ರು, ಒಬ್ಬ ಎಣಿಸ್ತಾ ಎಣಿಸ್ತಾ ಲೆಕ್ಕ ತಪ್ಪಿ ಮತ್ತೆ ಮೊದಲಿಂದ. ಹತ್ತು ನಿಮಿಷಕ್ಕೆ 150 ಮಿಲಿ. ಗಂಟೆಗೆ 900 ಮಿಲಿ, ದಿನಕ್ಕೆ 21.6 ಲೀಟರ್, ವರ್ಷಕ್ಕೆ 7,884 ಲೀಟರ್. ಇದನ್ನ ಬೋರ್ಡ್ ಮೇಲೆ ಗುಣಿಸಿ ಬರೆದಿದ್ದು ಇಂಟರ್ನ್ ಅಲ್ಲ, ಗಣಿತ ಅಂದ್ರೆ ಹಿಂದಿನ ಬೆಂಚಿಗೆ ಓಡೋ ಒಬ್ಬ ಹುಡುಗಿ. ನಮ್ಮ ಟ್ಯಾಂಕ್ ಹತ್ರಹತ್ರ ನಾಲ್ಕು ಸಲ ತುಂಬೋಷ್ಟು ನೀರು ಸರ್ ಅಂದ್ಲು ಅವಳು. ಅಷ್ಟು ವರ್ಷದ ಪೋಸ್ಟರಲ್ಲಿದ್ದ ಹನಿ ಹನಿ ಗೂಡಿದರೆ ಹಳ್ಳ ಅನ್ನೋ ಮಾತು ಅವತ್ತು ಅವಳ ಲೆಕ್ಕದಲ್ಲಿ ಕಾಣಿಸ್ತು.

ಕಥೆ ಅಲ್ಲಿಗೇ ಮುಗಿದಿದ್ರೆ ನಾನು ಈ ಪತ್ರ ಬರೀತಾ ಇರ್ಲಿಲ್ಲ. ಆ ಇಬ್ಬರು ಹುಡುಗೀರು ಮಕ್ಕಳಿಗೆ ಇನ್ನೊಂದು ಕೆಲಸ ಕೊಟ್ರು, ಶಾಲೇಲಿ ನೀರು ಎಲ್ಲೆಲ್ಲಿ ಹೋಗ್ತಿದೆ ಅಂತ ಒಂದು ವಾರ ನೋಡಿ ಬರೀರಿ ಅಂತ. ನಾಲ್ಕನೇ ದಿನ ಒಬ್ಬ ಹುಡುಗ ಬಂದು ಬೆಳಗ್ಗೆ ಬೆಲ್ ಹೊಡೆಯೋಕೆ ಮುಂಚೆ ಕಟ್ಟಡದ ಹಿಂದೆ ಪೈಪಿಂದ ನೀರು ಬೀಳುತ್ತೆ ಅಂದ. ಟ್ಯಾಂಕ್ ತುಂಬಿದ್ರೂ ಪಂಪ್ ಆಫ್ ಆಗ್ತಾ ಇರ್ಲಿಲ್ಲ, ಓವರ್‌ಫ್ಲೋ ಪೈಪಿಂದ ನೀರು ಹಿಂದೆ ಚರಂಡಿಗೆ ಹೋಗ್ತಿತ್ತು, ಆ ಕಡೆ ಯಾರೂ ಹೋಗಲ್ಲ ಅಂತ ಯಾರಿಗೂ ಗೊತ್ತಾಗಿರ್ಲಿಲ್ಲ. ಮಾರನೇ ದಿನ ಬಕೆಟ್ ಇಟ್ಟು ಅಳೆದ್ರು, 15 ಲೀಟರ್ ಬಕೆಟ್ ತುಂಬೋಕೆ 50 ಸೆಕೆಂಡು, ಅಂದ್ರೆ ನಿಮಿಷಕ್ಕೆ 18 ಲೀಟರ್, ದಿನಾ ಸುಮಾರು 25 ನಿಮಿಷ ಹರೀತಿತ್ತು, ಲೆಕ್ಕ ಹಾಕಿದ್ರೆ 450 ಲೀಟರ್. ತೊಟ್ಟಿಕ್ಕೋ ನಲ್ಲಿ ಇಪ್ಪತ್ತು ಇದ್ರೂ ಅಷ್ಟಾಗಲ್ಲ. ನಾವೆಲ್ಲ ಕಣ್ಣಿಗೆ ಕಾಣೋ ಹನಿ ಬಗ್ಗೆ ಪೋಸ್ಟರ್ ಬರೀತಾ ಕೂತಿದ್ವಿ, ಕಟ್ಟಡದ ಹಿಂದೆ ದಿನಾ ಬೆಳಗ್ಗೆ ಒಂದು ಸಣ್ಣ ಟ್ಯಾಂಕ್ ಖಾಲಿ ಆಗ್ತಿತ್ತು. ಅಳೆಯೋದಕ್ಕೂ ಅರಿವು ಮೂಡಿಸೋದಕ್ಕೂ ಇರೋ ವ್ಯತ್ಯಾಸ ನನಗೆ ಅರ್ಥ ಆಗಿದ್ದು ಅವತ್ತೇ. ಮಕ್ಕಳು ಹೆಡ್‌ಮಾಸ್ಟರಿಗೆ ಅಂಕಿ ಸಮೇತ ಒಂದು ಪುಟದ ಅರ್ಜಿ ಬರೆದ್ರು, ಹನ್ನೊಂದನೇ ದಿನಕ್ಕೆ ಟ್ಯಾಂಕಿಗೆ, ತುಂಬಿದ ತಕ್ಷಣ ಪಂಪನ್ನ ತಾನಾಗೇ ಆಫ್ ಮಾಡೋ ಫ್ಲೋಟ್ ಸ್ವಿಚ್ ಬಂತು, ನಲ್ಲಿಗೆ ವಾಷರ್ ಬಂತು. ಮತ್ತೆ ಜಾರ್ ಇಟ್ಟು ನೋಡಿದ್ರು, ಹತ್ತು ನಿಮಿಷಕ್ಕೆ ಸೊನ್ನೆ. ಆ ಸೊನ್ನೆ ನೋಡಿ ಮಕ್ಕಳು ಚಪ್ಪಾಳೆ ಹೊಡೆದ್ರು ಸಂಪಾದಕರೇ.

ಇದೇ ಮಾತನ್ನ ದೊಡ್ಡ ಲೆಕ್ಕಕ್ಕೂ ಹೇಳ್ಬಹುದು. ಜಗತ್ತಲ್ಲಿ ನದಿ, ಕೆರೆ, ಬಾವಿಗಳಿಂದ ಮನುಷ್ಯ ಎತ್ತೋ ಸಿಹಿ ನೀರಲ್ಲಿ ಸುಮಾರು 70 ಪರ್ಸೆಂಟ್ ಹೋಗೋದು ವ್ಯವಸಾಯಕ್ಕೆ. ಹಲ್ಲುಜ್ಜೋ ನೀರು ಉಳಿಸೋದು ಬೇಡ ಅಂತಲ್ಲ, ಖಂಡಿತ ಉಳಿಸಬೇಕು, ಆದ್ರೆ ಹತ್ತು ವರ್ಷ ಅದನ್ನೇ ಹೇಳಿಕೊಟ್ರೆ ನೀರಿನ ಸಮಸ್ಯೆ ಅಂದ್ರೆ ತಾನು ಹಲ್ಲುಜ್ಜೋದು ಅಂತ ಮಗು ತಿಳ್ಕೊಳ್ಳುತ್ತೆ, ಹೊಲಕ್ಕೆ ನೀರು ಹೇಗೆ ಹೋಗುತ್ತೆ, ಫ್ಯಾಕ್ಟರಿ ನೀರು ಎಲ್ಲಿಗೆ ಹೋಗುತ್ತೆ, ಮನೆಗೆ ನೀರು ಹೊತ್ತು ತರೋರು ಯಾರು, ಅದಕ್ಕೆ ಅವರ ದಿನದಲ್ಲಿ ಎಷ್ಟು ಹೊತ್ತು ಹೋಗುತ್ತೆ ಅನ್ನೋದನ್ನ ಅದು ಕೇಳಲ್ಲ. ಕೊನೇ ಎರಡು ಪ್ರಶ್ನೆನ ಒಂದು ತಂಡ ಮಕ್ಕಳ ಕೈಲಿ ಕೇಳಿಸಿತ್ತು, ಮಕ್ಕಳು ಮನೇಲಿ ವಾಚ್ ನೋಡ್ಕೊಂಡು ಬರೆದು ತಂದ್ರು, ಮೂವತ್ತೆರಡು ಹಾಳೆ ಬಂತು, ಇಪ್ಪತ್ತೊಂಬತ್ತರಲ್ಲಿ ಅಮ್ಮ, ಅಕ್ಕ ಅಥವಾ ಅಜ್ಜಿ ಅಂತಾನೇ ಇತ್ತು. ಅದ್ರ ಬಗ್ಗೆ ನಾವ್ಯಾರೂ ಭಾಷಣ ಮಾಡ್ಲಿಲ್ಲ, ಹಾಳೆಗಳನ್ನ ಗೋಡೆಗೆ ಅಂಟಿಸಿದ್ವಿ ಅಷ್ಟೇ, ಗಂಡು ಮಕ್ಕಳು ಅದ್ರ ಮುಂದೆ ಸುಮಾರು ಹೊತ್ತು ನಿಂತಿದ್ರು.

ಈಗ ಪರಿಸರ ಶಿಕ್ಷಣದವರು ಮಾತ್ ಮಾತಿಗೂ ಅರಿವು, ಜಾಗೃತಿ ಅಂತಾರಲ್ಲ, ಅದಕ್ಕೆ ಒಂದು ಹಳೇ ವಿಷಯ ನೆನಪು ಮಾಡ್ಬೇಕು. 1977ರ ಅಕ್ಟೋಬರಲ್ಲಿ ಈಗಿನ ಜಾರ್ಜಿಯಾ ದೇಶದ ಟಿಬಿಲಿಸಿ ಅನ್ನೋ ಊರಲ್ಲಿ ಯುನೆಸ್ಕೋದವರು ಪರಿಸರ ಶಿಕ್ಷಣದ ಬಗ್ಗೆ ಸರ್ಕಾರಗಳ ಮಟ್ಟದ ಮೊದಲ ಸಮ್ಮೇಳನ ಮಾಡಿದ್ರು, ಅದ್ರ ಘೋಷಣೇಲಿ ಪರಿಸರ ಶಿಕ್ಷಣದ ಉದ್ದೇಶಗಳನ್ನ ಐದು ಮೆಟ್ಟಿಲಾಗಿ ಹೇಳಿದಾರೆ, ಅರಿವು, ಜ್ಞಾನ, ಮನೋಭಾವ, ಕೌಶಲ, ಭಾಗವಹಿಸೋದು. ಐದು. ಸುಮಾರು ಐವತ್ತು ವರ್ಷ ಆಗ್ತಾ ಬಂತು, ನಮ್ಮ ಇಂಟರ್ನ್‌ಶಿಪ್‌ಗಳು ಇನ್ನೂ ಮೊದಲನೇ ಮೆಟ್ಟಿಲ ಮೇಲೇ ನಿಂತು ಫೋಟೋ ತೆಗೆಸ್ಕೊಳ್ತಾ ಇದಾವೆ. ಕೌಶಲ ಅಂದ್ರೆ ಮಗುವಿನ ಕೈಗೆ ಏನೋ ಒಂದು ಮಾಡೋಕೆ ಬರ್ಬೇಕು. ಭಾಗವಹಿಸೋದು ಅಂದ್ರೆ ಆ ಅರ್ಜಿ ಬರೆದ್ರಲ್ಲ, ಅದು.

ಕೌಶಲ ಅಂದ ತಕ್ಷಣ ದುಬಾರಿ ಕಿಟ್ ಬೇಕು ಅಂತ ಕಾಲೇಜಿನವರು ಕೈ ತೊಳ್ಕೊಳ್ತಾರೆ, ಬೇಕಾಗಿಲ್ಲ. ಮಳೆಮಾಪಕಾನೇ ತಗೊಳ್ಳಿ. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗೆ ಮಾಡಿ ಅದೇ ಬಾಟಲಿಗೆ ಆಲಿಕೆ ಥರ ಇಟ್ರೆ ಆಯ್ತು, ಆದ್ರೆ ಬಾಟಲಿ ತಳ ಉಬ್ಬುತಗ್ಗು ಇರುತ್ತಲ್ಲ, ಅದಕ್ಕೆ ಮೊದಲು ಕಲ್ಲು ಹಾಕಿ ನೇರ ಭಾಗದ ತನಕ ನೀರು ತುಂಬಿಸಿ ಅಲ್ಲಿ ಸೊನ್ನೆ ಗುರುತು ಮಾಡ್ಬೇಕು, ಇಲ್ಲಾಂದ್ರೆ ಅಳತೆ ಎಲ್ಲ ಸುಳ್ಳು. ಬಾಟಲಿ ಮೈ ನೇರ ಇರೋದನ್ನೇ ಆರಿಸ್ಬೇಕು, ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಓದ್ಬೇಕು, ಮರ, ಗೋಡೆ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದ್ರೂ ದೂರ ಇಡ್ಬೇಕು. ಒಂದು ಸಲ ಮಕ್ಕಳ ಆರು ಗುಂಪುಗಳು ಒಂದೊಂದರಂತೆ ಆರು ಮಾಪಕ ಇಟ್ಟಿದ್ವು, ಐದರಲ್ಲಿ 19, 20 ಮಿಲಿಮೀಟರ್ ಬಂದಿದೆ, ಒಂದ್ರಲ್ಲಿ ಮಾತ್ರ 13. ಇಂಟರ್ನ್ ಹುಡುಗ ಇದು ತಪ್ಪಾಗಿದೆ ಬಿಟ್ಟುಬಿಡಿ ಅಂತ ಹೇಳೋಕೆ ಹೊರಟಿದ್ದ, ಆ ಗುಂಪಿನ ಹುಡುಗಿ ಬಿಡ್ಲಿಲ್ಲ, ನಾವೂ ಸರಿಯಾಗೇ ಮಾಡಿದೀವಿ ಅಂತ ಹಠ. ಹೋಗಿ ನೋಡಿದ್ರೆ ಅವರ ಮಾಪಕ ಮರದ ಕೆಳಗಿತ್ತು. ಉಳಿದ 7 ಮಿಲಿಮೀಟರ್ ಎಲ್ಲಿ ಹೋಯ್ತು ಅನ್ನೋ ಪ್ರಶ್ನೆ ಮೇಲೆ ಆಮೇಲೆ ಎರಡು ಪೀರಿಯಡ್ ಪಾಠ ಆಯ್ತು, ಎಲೆ ಮೇಲೆ ನಿಂತ ನೀರು, ಕಾಂಡದ ಮೇಲೆ ಇಳಿದ ನೀರು, ನೆಲ ಮುಟ್ಟದೇ ಆವಿ ಆಗಿಹೋದ ನೀರು. ಮರ ಮಳೆಯ ಪೆಟ್ಟನ್ನ ಹೇಗೆ ತಡ್ಕೊಳ್ಳುತ್ತೆ ಅನ್ನೋದನ್ನ ನಾನು ಪುಸ್ತಕದಿಂದ ಹದಿನೈದು ವರ್ಷ ಹೇಳಿದ್ದೆ, ಅವರಿಗೆ ಗೊತ್ತಾಗಿದ್ದು ಆ 13ರಿಂದ.

ಅದೇ ತಂಡ ಮಕ್ಕಳಿಗೆ ಇನ್ನೊಂದು ಸರಳ ಲೆಕ್ಕ ಕಲಿಸ್ತು, ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಸರಿಯಾಗಿ ಒಂದು ಲೀಟರ್. ಟೇಪ್ ಹಿಡಿದು ಎರಡು ಕ್ಲಾಸ್‌ರೂಮಿನ ತಾರಸಿ ಅಳೆದ್ರು, 12 ಮೀಟರ್ ಉದ್ದ 8 ಮೀಟರ್ ಅಗಲ, 96 ಚದರ ಮೀಟರ್. 20 ಮಿಲಿಮೀಟರ್ ಮಳೆಗೆ 1,920 ಲೀಟರ್. ತಾರಸಿ ಹೀರಿಕೊಳ್ಳೋದು, ಆವಿ ಆಗೋದು, ಮೊದಲ ಮಳೆಯ ಕೊಳೆ ನೀರು ಬಿಡೋದು ಎಲ್ಲ ಕಳೆದು 80 ಪರ್ಸೆಂಟ್ ಸಿಕ್ತು ಅಂದ್ಕೊಂಡ್ರೂ 1,536 ಲೀಟರ್, ಒಂದೇ ಸಂಜೆ ಮಳೆಗೆ ನಮ್ಮ ಟ್ಯಾಂಕಿನ ಮುಕ್ಕಾಲು ಭಾಗ. ಮಳೆನೀರು ಕೊಯ್ಲಿನ ಬಗ್ಗೆ ಇದಕ್ಕಿಂತ ದೊಡ್ಡ ಭಾಷಣ ನನಗೆ ಗೊತ್ತಿಲ್ಲ.

ಇನ್ನು ಇಂಟರ್ನ್‌ಗಳಿಗೇ ಸರಿಯಾಗಿ ಹೇಳಿಕೊಡದೆ ಕಳಿಸಿದ್ರೆ ಏನಾಗುತ್ತೆ ಅನ್ನೋದನ್ನೂ ಹೇಳ್ಬೇಕು, ಯಾಕಂದ್ರೆ ಇದು ಬರೀ ಟೈಮ್ ವೇಸ್ಟ್ ವಿಷಯ ಅಲ್ಲ, ಅಪಾಯದ ವಿಷಯ. ಒಂದು ವರ್ಷ ಬಂದ ತಂಡದ ಕೈಲಿ ಪೆನ್ನಿನ ಥರದ ಟಿಡಿಎಸ್ ಮೀಟರ್ ಇತ್ತು. ಮಕ್ಕಳು ಮನೆಯಿಂದ ತಂದ ನೀರಿಗೆ ಅದ್ದಿ ನಂಬರ್ ನೋಡಿ ಇದು ಶುದ್ಧ, ಇದು ಅಶುದ್ಧ ಅಂತ ಹೇಳ್ತಾ ಹೋದ್ರು. ಟಿಡಿಎಸ್ ಮೀಟರ್ ಹೇಳೋದು ನೀರಲ್ಲಿ ಕರಗಿರೋ ಲವಣಗಳ ಒಟ್ಟು ಅಂದಾಜು ಅಷ್ಟೇ, ಅದೂ ವಿದ್ಯುತ್ ಹರಿಯೋದನ್ನ ನೋಡಿ. ಬ್ಯಾಕ್ಟೀರಿಯಾ ಇದೆಯಾ, ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ, ಕೀಟನಾಶಕ ಇದೆಯಾ, ಇದ್ಯಾವುದೂ ಅದಕ್ಕೆ ಗೊತ್ತಾಗಲ್ಲ. ಕುಡಿಯೋ ನೀರಲ್ಲಿ ಫ್ಲೋರೈಡಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟಿಗೆ 50 ಮಿಲಿಗ್ರಾಂ, ಅಂದ್ರೆ ಫ್ಲೋರೈಡ್ ಮಿತಿಗಿಂತ ಎರಡರಷ್ಟಾದ್ರೂ ಮೀಟರಿನ ನಂಬರಲ್ಲಿ ಅದು ಕಾಣೋದೇ ಇಲ್ಲ. ಚರಂಡಿ ಸೋರಿ ಬೆರೆತ ನೀರೂ ಕಡಿಮೆ ನಂಬರ್ ತೋರಿಸಬಹುದು. ಅಂಥ ನೀರನ್ನ ಶುದ್ಧ ಅಂತ ಒಬ್ಬ ಕಾಲೇಜು ಹುಡುಗ ಮಗುವಿಗೆ ಹೇಳಿ ಕಳಿಸಿದ್ರೆ ಆ ಮನೆಯವರು ನಂಬ್ತಾರಲ್ವಾ, ಆ ಜವಾಬ್ದಾರಿ ಯಾರದು. ಅವತ್ತು ನಾನು ಮಧ್ಯೆ ನಿಲ್ಲಿಸ್ದೆ, ಇಂಟರ್ನ್‌ಗಳಿಗೆ ಬೇಜಾರಾಯ್ತು, ಆದ್ರೂ ನಿಲ್ಲಿಸಿದ್ದು ಸರಿ ಅಂತಾನೇ ಈಗಲೂ ಅನ್ಸುತ್ತೆ. ಅದೇ ಬ್ಯಾಕ್ಟೀರಿಯಾ ವಿಷಯಕ್ಕೆ ಎಚ್2ಎಸ್ (ಹೈಡ್ರೋಜನ್ ಸಲ್ಫೈಡ್) ಬಾಟಲಿ ಪರೀಕ್ಷೆ ಇದೆ, 1982ರಲ್ಲಿ ಭಾರತದ ವಿಜ್ಞಾನಿಗಳೇ ರೂಪಿಸಿದ್ದು, ನೀರು ಹಾಕಿ ಬೆಚ್ಚಗಿರೋ ಜಾಗದಲ್ಲಿ ಒಂದೆರಡು ದಿನ ಇಟ್ಟು ಕಪ್ಪಾಯ್ತು ಅಂದ್ರೆ ಮಲದ ಸೋಂಕಿನ ಅನುಮಾನ ಪಡ್ಬೇಕು. ಅದೂ ಕೊನೇ ತೀರ್ಪಲ್ಲ, ಲ್ಯಾಬಿಗೆ ಕಳಿಸೋಕೆ ಒಂದು ಸೂಚನೆ. ಯಾವ ಸಾಧನ ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದು ಇಂಟರ್ನ್‌ಗೆ ಮೊದಲ ವಾರದಲ್ಲೇ ಗೊತ್ತಿರ್ಬೇಕು, ಗೊತ್ತಿಲ್ಲದಿದ್ರೆ ಶಾಲೆಗೆ ಕಳಿಸ್ಲೇಬಾರ್ದು.

ಕೆರೆ ನೀರಿನ ವಿಷಯದಲ್ಲೂ ಇದೇ ಗೋಳು. ತಂಡಗಳು ಬೆಳಗ್ಗೆ ಹನ್ನೊಂದಕ್ಕೋ ಮಧ್ಯಾಹ್ನಕ್ಕೋ ಹೋಗಿ ಕರಗಿದ ಆಮ್ಲಜನಕ ಅಳೆದು ಚೆನ್ನಾಗಿದೆ ಅಂತ ರಿಪೋರ್ಟ್ ಬರೀತಾರೆ. ಹಸಿರು ಪಾಚಿ ತುಂಬಿರೋ ಕೆರೇಲಿ ಹಗಲಲ್ಲಿ ಆ ಪಾಚಿಯೇ ಬಿಸಿಲಿಗೆ ಆಮ್ಲಜನಕ ಬಿಡ್ತಾ ಇರುತ್ತೆ, ನಂಬರ್ ಚೆನ್ನಾಗೇ ಬರುತ್ತೆ. ರಾತ್ರಿ ಅದೇ ಪಾಚಿ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತೆ, ಎಲ್ಲಕ್ಕಿಂತ ಕಡಿಮೆ ಇರೋದು ಸೂರ್ಯ ಹುಟ್ಟೋಕೆ ಸ್ವಲ್ಪ ಮುಂಚೆ. ಲೀಟರಿಗೆ ಸುಮಾರು 5 ಮಿಲಿಗ್ರಾಂಗಿಂತ ಕೆಳಗೆ ಇಳಿದ್ರೆ ಬಹಳಷ್ಟು ಮೀನುಗಳಿಗೆ ಕಷ್ಟ, ಇನ್ನೂ ಇಳಿದ್ರೆ ಬೆಳಗಾಗೋ ಹೊತ್ತಿಗೆ ಸತ್ತು ತೇಲ್ತಾವೆ. ಮಧ್ಯಾಹ್ನದ ಅಳತೆ ಇಟ್ಕೊಂಡು ಆ ಕೆರೆ ಆರೋಗ್ಯವಾಗಿದೆ ಅಂತ ಹೇಳೋದು, ರೋಗಿ ಔಷಧಿ ತಗೊಂಡ ಗಂಟೇಲಿ ಜ್ವರ ನೋಡಿ ವಾಸಿಯಾಗಿದೆ ಅಂದ ಹಾಗೆ. ಇಂಟರ್ನ್‌ಶಿಪ್ ಹತ್ತರಿಂದ ನಾಲ್ಕರ ತನಕದ ಆಫೀಸ್ ಕೆಲಸ ಅಂತ ಅಂದ್ಕೊಂಡಿರೋದೇ ಇಲ್ಲಿ ತೊಂದರೆ, ನೀರಿಗೆ ಅದರದೇ ಟೈಮ್‌ಟೇಬಲ್ ಇದೆ. ಮೀಟರ್ ಇಲ್ಲದಿದ್ರೆ ಸೆಕ್ಕಿ ತಟ್ಟೆ ಇದೆ, 1865ರಲ್ಲಿ ಆಂಜೆಲೋ ಸೆಕ್ಕಿ ಅನ್ನೋ ಇಟಲಿಯ ಪಾದ್ರಿ, ಖಗೋಳ ವಿಜ್ಞಾನಿ ಕೂಡ, ಅವರು ಬಳಸಿದ್ದು, ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಬಿಟ್ಟು ಕಣ್ಣಿಗೆ ಕಾಣದಂಗೆ ಆಗೋ ಆಳ ಬರ್ಕೊಳ್ಳೋದು ಅಷ್ಟೇ. ಕೆರೆಗಳಲ್ಲಿ ಈಗ ಬಳಸೋದು 20 ಸೆಂಟಿಮೀಟರ್ ಅಗಲದ ಕಪ್ಪು ಬಿಳುಪು ತಟ್ಟೆ. ನೂರೈವತ್ತು ವರ್ಷ ದಾಟಿದೆ, ಇವತ್ತಿಗೂ ನೀರು ಎಷ್ಟು ತಿಳಿಯಾಗಿದೆ ಅಂತ ನೋಡೋಕೆ ವಿಜ್ಞಾನಿಗಳು ಅದನ್ನೇ ಬಳಸ್ತಾರೆ, ಮಕ್ಕಳು ಒಂದು ಪೀರಿಯಡ್ಡಲ್ಲಿ ಮಾಡ್ಕೊಳ್ತಾರೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ನೀರನ್ನ ಒಂದು ಸಲ ಅಳೆದ್ರೆ ಹೆಚ್ಚು ಏನೂ ಗೊತ್ತಾಗಲ್ಲ, ಮತ್ತೆ ಮತ್ತೆ ಅದೇ ಜಾಗದಲ್ಲಿ ಅಳೀಬೇಕು. ಆದ್ರೆ ಇಂಟರ್ನ್‌ಶಿಪ್ ಇರೋದು ನಾಲ್ಕು ವಾರ, ಹೆಚ್ಚಂದ್ರೆ ಎಂಟು ವಾರ. ಪ್ರತಿ ತಂಡ ಹೊಸದಾಗಿ ಶುರು ಮಾಡುತ್ತೆ, ಹೊಸ ರಿಪೋರ್ಟ್ ಬರೆಯುತ್ತೆ, ಸ್ಪೈರಲ್ ಬೈಂಡಿಂಗ್ ಮಾಡಿಸುತ್ತೆ, ಅದು ಕಾಲೇಜಿನ ಬೀರು ಸೇರುತ್ತೆ. ಒಂದು ವರ್ಷ ಹೊಸ ತಂಡಕ್ಕೆ ಕೊಡೋಣ ಅಂತ ಹಿಂದಿನ ತಂಡದ ರಿಪೋರ್ಟ್ ಕೊಡಿ ಅಂತ ಒಂದು ಕಾಲೇಜಿಗೆ ಮೂರು ಸಲ ಫೋನ್ ಮಾಡ್ದೆ, ಕೊನೆಗೆ ಮಾರ್ಕ್ಸ್ ಹಾಕಿ ಆದ್ಮೇಲೆ ಹಳೇದನ್ನ ಇಟ್ಕೊಳ್ಳಲ್ಲ ಸರ್ ಅಂದ್ರು. ಆ ರಿಪೋರ್ಟಲ್ಲಿ ನಮ್ಮ ಮಕ್ಕಳು ಏಳು ವಾರ ಅಳೆದ ಬಾವಿ ನೀರಿನ ಮಟ್ಟ ಇತ್ತು, ಇನ್ನೊಂದು ಪ್ರತಿ ಇರ್ಲಿಲ್ಲ. ಕಾಲೇಜಿನ ಹೆಸರು ಹೇಳಲ್ಲ, ತಪ್ಪು ನನ್ನದೂ ಇದೆ, ಶಾಲೇಲೇ ಒಂದು ಪ್ರತಿ ಇಟ್ಕೋಬೇಕಿತ್ತು. ಆದ್ರೆ ಆ ಏಳು ವಾರ ಮತ್ತೆ ಬರಲ್ಲ, ಮಕ್ಕಳಿಗೆ ಅದನ್ನ ಹೇಳುವಾಗ ನನಗೆ ತುಂಬಾ ಸಂಕಟ ಆಯ್ತು.

ಅವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೀವಿ. ದಪ್ಪ ರಟ್ಟಿನ ಲಾಂಗ್ ಬುಕ್, ಪೆನ್ಸಿಲಲ್ಲೇ ಬರೀಬೇಕು, ಯಾಕಂದ್ರೆ ಒದ್ದೆಯಾದ್ರೆ ಪೆನ್ನಿನ ಇಂಕು ಹರಡುತ್ತೆ, ಪೆನ್ಸಿಲ್ ಉಳಿಯುತ್ತೆ. ರಬ್ಬರ್ ಬಳಸೋ ಹಾಗಿಲ್ಲ, ತಪ್ಪಾದ್ರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯೋದು, ತಪ್ಪೂ ಓದೋಕೆ ಸಿಗ್ಬೇಕು. ಶಾಲೆ ಬಾವಿ ಕಟ್ಟೆ ಮೇಲೆ ಒಂದು ಕಡೆ ಕೆಂಪು ಬಣ್ಣದ ಗುರುತು ಹಾಕಿದ್ದೀವಿ, ಅಳತೆ ಶುರು ಆಗೋದು ಯಾವಾಗ್ಲೂ ಅಲ್ಲಿಂದಾನೇ. ಟೇಪಿನ ತುದಿಗೆ ತೂಕ ಕಟ್ಟಿ, ಕೆಳಗಿನ ಒಂದು ಮೀಟರಿಗೆ ಸೀಮೆಸುಣ್ಣ ಬಳಿದು ಇಳಿಬಿಡ್ತಾರೆ, ಮೇಲೆತ್ತಿದಾಗ ಸುಣ್ಣ ಎಲ್ಲಿ ತನಕ ಒದ್ದೆ ಆಗಿದೆಯೋ ಅಷ್ಟನ್ನ ಕೆಂಪು ಗುರುತಿನ ಹತ್ರ ಟೇಪ್ ತೋರಿಸಿದ ಅಳತೆಯಿಂದ ಕಳೀತಾರೆ, ಕತ್ತಲೆ ಬಾವಿಯಲ್ಲಿ ನೀರು ಮುಟ್ಟಿದ್ದು ಕಣ್ಣಿಗೆ ಕಾಣದಿದ್ರೂ ಸುಣ್ಣ ಹೇಳುತ್ತೆ. ಪ್ರತಿ ಮಂಗಳವಾರ ಬೆಳಗ್ಗೆ, ಪಂಪ್ ಹಾಕೋಕೆ ಮುಂಚೆ. ಪಂಪ್ ಹಾಕೋಕೆ ಮುಂಚೆ ಅನ್ನೋದನ್ನ ಕಲಿತಿದ್ದು ಒಂದು ಮಂಗಳವಾರ ಇದ್ದಕ್ಕಿದ್ದಂಗೆ ನೀರು 60 ಸೆಂಟಿಮೀಟರ್ ಕೆಳಗೆ ಹೋಗಿದೆ ಅಂತ ಎಲ್ಲರೂ ಗಾಬರಿಯಾದ ಮೇಲೆ.

ಈಗ ಆ ನೋಟ್‌ಬುಕ್ಕಲ್ಲಿ ಮೂರು ವರ್ಷದ ಅಳತೆ ಇದೆ, ಐದು ತಂಡದವರ ಕೈಬರಹ ಇದೆ, ರಜೇಲಿ ನಮ್ಮ ಶಾಲೆ ಮಕ್ಕಳೇ ಬಂದು ಅಳೆದಿದ್ದಾರೆ. ಹೊಸ ತಂಡ ಬಂದಾಗ ಮೊದಲ ದಿನ ನಾನು ಅವರಿಗೆ ಕೊಡೋದು ಅದೊಂದನ್ನೇ. ಹೋದ ವರ್ಷದ ಒಬ್ಬ ಇಂಟರ್ನ್ ಅದನ್ನ ಗ್ರಾಫ್ ಶೀಟಿಗೆ ಹಾಕಿದಾಗ ಒಂದು ವಿಷಯ ಕಾಣಿಸ್ತು, ಬೇಸಿಗೆ ಕೊನೇಲಿ ಕೆಂಪು ಗುರುತಿಂದ 8.35 ಮೀಟರ್ ಕೆಳಗಿದ್ದ ನೀರು ಮಳೆಗಾಲ ಮುಗಿಯೋ ಹೊತ್ತಿಗೆ 5.40ಕ್ಕೆ ಬಂದಿತ್ತು, ಮಳೆ ನಿಂತ ಮೇಲೂ ಇನ್ನೂ ಮೂರು ವಾರ ಮೇಲಕ್ಕೇ ಬಂದು 5.10 ಮುಟ್ಟಿತ್ತು. ಮಳೆ ಇಲ್ಲದೆ ನೀರು ಹೇಗೆ ಏರ್ತು ಸರ್ ಅಂತ ಮಕ್ಕಳು ಕೇಳಿದ್ರು. ಮಣ್ಣಲ್ಲಿ, ಕಲ್ಲಿನ ಬಿರುಕಲ್ಲಿ ನಿಧಾನಕ್ಕೆ ಇಳಿಯೋ ನೀರು ಬಾವಿ ಮುಟ್ಟೋಕೆ ತಗೊಳ್ಳೋ ಸಮಯ ಅದು. ಅಂತರ್ಜಲ ಅನ್ನೋ ಪದವನ್ನ ಪಾಠದಲ್ಲಿ ಓದಿದ ಮಕ್ಕಳು ಅದರ ನಡಿಗೆಯನ್ನ ಅವತ್ತು ನೋಡಿದ್ರು. ಇದು ನಾಲ್ಕು ವಾರದ ಯಾವ ಇಂಟರ್ನ್‌ಶಿಪ್ಪಲ್ಲೂ ಕಾಣ್ತಾ ಇರ್ಲಿಲ್ಲ, ಐದು ತಂಡಗಳು ಒಂದೇ ಪುಸ್ತಕ ಮುಂದುವರಿಸಿದ್ದಕ್ಕೆ ಕಂಡಿದ್ದು.

ಮಕ್ಕಳ ಅಳತೆಗೆ ಬೆಲೆ ಎಲ್ಲಿದೆ ಅನ್ನೋರಿಗೆ ಗ್ಲೋಬ್ ಅನ್ನೋ ಕಾರ್ಯಕ್ರಮದ ಬಗ್ಗೆ ಹೇಳ್ತೀನಿ, 1994ರಲ್ಲಿ ಘೋಷಣೆ ಆಗಿ 1995ರ ಭೂದಿನದಂದು ಶುರುವಾಗಿದ್ದು, ಬೇರೆ ಬೇರೆ ದೇಶದ ಶಾಲೆ ಮಕ್ಕಳು ಗೊತ್ತುಮಾಡಿದ ವಿಧಾನದಲ್ಲಿ ಮಳೆ, ತಾಪಮಾನ, ನೀರಿನ ಗುಣ ಅಳೆದು ಒಂದೇ ಕಡೆ ಸೇರಿಸ್ತಾರೆ, ಅದನ್ನ ವಿಜ್ಞಾನಿಗಳೂ ಬಳಸ್ತಾರೆ. ವಿಧಾನ ಒಂದೇ ಇರ್ಬೇಕು, ಜಾಗ ಒಂದೇ ಇರ್ಬೇಕು, ಬಿಡದೆ ಮಾಡ್ಬೇಕು, ಮಾಡೋರ ವಯಸ್ಸು ಎಷ್ಟಾದ್ರೂ ಪರವಾಗಿಲ್ಲ.

ಹಾಗಾಗಿ ಕಾಲೇಜುಗಳಿಗೆ ನನ್ನ ಕೋರಿಕೆ ಇದು. ಎಷ್ಟು ಶಾಲೆಗೆ ಹೋದ್ರು, ಎಷ್ಟು ಮಕ್ಕಳಿಗೆ ಅರಿವು ಮೂಡಿಸಿದ್ರು, ಎಷ್ಟು ಫೋಟೋ ಇದೆ ಅಂತ ನೋಡಿ ಮಾರ್ಕ್ಸ್ ಕೊಡೋದನ್ನ ನಿಲ್ಲಿಸಿ. ಒಬ್ಬ ಇಂಟರ್ನ್ ಎಂಟು ವಾರದಲ್ಲಿ ಎಂಟು ಶಾಲೆಗೆ ಹೋಗೋ ಬದಲು ಒಂದೇ ಶಾಲೆಗೆ ಎಂಟು ಸಲ ಹೋಗ್ಲಿ. ಹಿಂದಿನವರ ಅಳತೆಯನ್ನ ಮುಂದುವರಿಸಿದ್ದಾರಾ, ಮುಂದಿನವರಿಗೆ ಅರ್ಥ ಆಗೋ ಹಾಗೆ ಬರೆದಿಟ್ಟಿದ್ದಾರಾ, ಶಾಲೆ ಮಕ್ಕಳಲ್ಲಿ ಕಡಿಮೆ ಅಂದ್ರೆ ಇಬ್ಬರಿಗಾದ್ರೂ ತಾವಿಲ್ಲದೆ ಅಳೆಯೋದು ಕಲಿಸಿದ್ದಾರಾ, ಇದನ್ನ ನೋಡಿ ಮಾರ್ಕ್ಸ್ ಕೊಡಿ. ಇದಕ್ಕೆ ಗೈಡ್ ಆಗಿರೋ ಲೆಕ್ಚರರ್ ಒಂದು ಸಲನಾದ್ರೂ ಶಾಲೆಗೆ ಬರ್ಬೇಕಾಗುತ್ತೆ. ಎಂಟು ವರ್ಷದಲ್ಲಿ ನಮ್ಮ ಶಾಲೆಗೆ ಬಂದ ಗೈಡ್ ಒಬ್ಬರೇ, ಅವರು ಬಂದಿದ್ದು ಆ ಇಬ್ಬರು ಹುಡುಗೀರ ವರ್ಷ, ಅದು ಕಾಕತಾಳೀಯ ಅಂತ ನನಗನ್ಸಲ್ಲ.

ಇನ್ನೆರಡು ವಿಷಯ ಚಿಕ್ಕದಾಗಿ. ಸುರಕ್ಷತೆ: ಕೆರೆ, ಹೊಳೆ, ಬಾವಿ ಹತ್ರ ಇಂಟರ್ನ್ ಒಬ್ಬರೇ ಹೋಗೋ ಹಾಗಿರ್ಬಾರ್ದು, ಶಾಲೆ ಮಕ್ಕಳನ್ನ ಕಟ್ಟೆ ಇಲ್ಲದ ಬಾವಿ ಹತ್ರ ಕರ್ಕೊಂಡು ಹೋಗ್ಲೇಬಾರ್ದು, ಮಳೆ ಬಂದ ದಿನ ಹರಿಯೋ ನೀರಿಗೆ ಇಳೀಬಾರ್ದು, ಈ ನಿಯಮಗಳನ್ನ ಬರೆದು ಸಹಿ ಮಾಡಿಸ್ಕೊಂಡು ಕಳಿಸಿ. ಅಳತೆ ಒಂದು ವಾರ ತಪ್ಪಿದ್ರೆ ನೋಟ್‌ಬುಕ್ಕಲ್ಲಿ ಒಂದು ಸಾಲು ಖಾಲಿ ಇರುತ್ತೆ ಅಷ್ಟೇ. ಇನ್ನೊಂದು ವಿಷಯ, ಖರ್ಚು: ಓಡಾಟದ ಖರ್ಚು ಕೈಯಿಂದ ಹಾಕ್ಬೇಕು ಅಂತ ಈ ಇಂಟರ್ನ್‌ಶಿಪ್ ಬಿಟ್ಟು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್ ತಗೊಂಡ ಮಕ್ಕಳನ್ನ ನಾನು ಬಲ್ಲೆ. ದಿನಾ ನೀರು ಹೊತ್ತು ಬೆಳೆದ ಮನೆಯ ಮಕ್ಕಳು ಅವರು, ನೀರಿನ ಪಾಠ ಹೇಳೋಕೆ ಅವರಿಗಿಂತ ಯೋಗ್ಯರು ಯಾರಿದ್ದಾರೆ. ಅವರ ಬಸ್ ಚಾರ್ಜನ್ನ ಕಾಲೇಜು ಕೊಡ್ಲೇಬೇಕು.

ಶಾಲೆಯವರಿಗೂ ಹೇಳ್ತೀನಿ, ಇಂಟರ್ನ್ ಬಂದ್ರು ಅಂದ್ರೆ ಒಂದು ಪೀರಿಯಡ್ ಫ್ರೀ ಸಿಕ್ತು ಅಂತ ಸ್ಟಾಫ್ ರೂಮಿಗೆ ಹೋಗ್ಬೇಡಿ, ಕ್ಲಾಸಲ್ಲೇ ಇರಿ. ನಿಮ್ಮ ಶಾಲೆ ಟ್ಯಾಂಕ್ ಎಷ್ಟು ಲೀಟರಿಂದು, ನೀರು ಎಲ್ಲಿಂದ ಬರುತ್ತೆ, ಬಳಸಿದ ನೀರು ಎಲ್ಲಿಗೆ ಹೋಗುತ್ತೆ, ಈ ಮೂರನ್ನ ಅವರು ಬರೋ ಮುಂಚೆ ನೀವೇ ತಿಳ್ಕೊಂಡಿರಿ. ಒಂದು ಪುಸ್ತಕ ಶುರು ಮಾಡಿ, ಶಾಲೇಲೇ ಇಟ್ಕೊಳ್ಳಿ, ಪ್ರತಿ ತಿಂಗಳು ಪುಟಗಳ ಫೋಟೋ ತೆಗೆದು ಇನ್ನೊಂದು ಕಡೆ ಇಡಿ.

ಈ ವರ್ಷದ ತಂಡದಲ್ಲಿ ಬರ್ತಾ ಇರೋರಲ್ಲಿ ಒಬ್ಬಳು ನಮ್ಮ ಶಾಲೇಲೇ ಓದಿದವಳು, ಅವತ್ತು ಬೋರ್ಡ್ ಮೇಲೆ 7,884 ಅಂತ ಬರೆದ ಅದೇ ಹುಡುಗಿ, ಈಗ ಡಿಗ್ರಿ ಮೊದಲ ವರ್ಷ. ಮೊನ್ನೆ ಫೋನ್ ಮಾಡಿದ್ಲು. ಸರ್, ಹೋದ ಮಂಗಳವಾರ ಬಾವಿ ಎಷ್ಟಿತ್ತು ಅಂತ ಕೇಳಿದ್ಲು. 7.90 ಅಂದೆ. ಹೋದ ವರ್ಷ ಇದೇ ವಾರ ಎಷ್ಟಿತ್ತು ನೋಡಿ ಹೇಳಿ ಸರ್ ಅಂದ್ಲು, ನಾನು ಪುಸ್ತಕ ತೆಗೆದು ಹಿಂದಿನ ಪುಟಗಳನ್ನ ತಿರುಗಿಸಿದೆ.

ಇಂತಿ,
ಒಬ್ಬ ವಿಜ್ಞಾನ ಮೇಷ್ಟ್ರು